ಬೆಳ್ಳಯ್ಯನ ಬೊಂಬೆಗಳ ಕಿವಿ

ಬೆಳ್ಳಯ್ಯ ಮಾಡುತ್ತಿದ್ದ ಬೊಂಬೆಗಳಿಗೆ ಕಣ್ಣಿರುತ್ತಿರಲಿಲ್ಲ, ಕಿವಿ ಇರುತ್ತಿತ್ತು. ಒಂದೇ ಕಿವಿ, ಎಡಗಡೆ. ಕೆಂಪಗೆ ಕಾಯಿಸಿದ ದಬ್ಬಳವನ್ನು ಮರಕ್ಕೆ ಒತ್ತಿ, ಹೊಗೆ ಏಳುವಂತೆ ತಿರುಗಿಸಿ ತೆಗೆದ ಸಣ್ಣ ತೂತು. ಅದರ ಸುತ್ತ ಉಗುರಿನಷ್ಟಗಲದ ಒಂದು ಹಾಲೆ. ಹಸುವಿಗೂ ಹಾಗೇ, ಕಾಡುಹಂದಿಗೂ ಹಾಗೇ, ಗಿಣಿಗೂ ಹಾಗೇ. ನನಗೆ ಅವನು ಮಾಡಿಕೊಟ್ಟದ್ದು ಬಸ್ಸು. ನಮ್ಮ ಗೆಟ್ಟವಾಡಿಯಿಂದ ಚಾಮರಾಜನಗರದ ಕಡೆಗೆ ಹೋಗುವ ಬಸ್ಸಿನ ಹಾಗೆಯೇ ಹಿಂದಕ್ಕೆ ಸ್ವಲ್ಪ ಕುಸಿದಂತಿದ್ದ ಮರದ ಬಸ್ಸು. ಅದಕ್ಕೂ, ಹತ್ತುವ ಬಾಗಿಲ ಪಕ್ಕದಲ್ಲಿ, ಒಂದು ಕಿವಿ.

"ಬಸ್ಸಿಗ್ಯಾಕ ಬೆಳ್ಳಯ್ಯ ಕಿವಿ?" ಎಂದು ಕೇಳಿದ್ದೆನಂತೆ.

"ಎಸರು ಯೋಳ್ಬೇಕಲ್ಲವ್ವ. ಕಿವಿ ಇಲ್ದಿದ್ರ ಎಲ್ಲಿಗ ಯೋಳನ? ಪೋಂ ಪೋಂ ಅನ್ನೋ ಆರನ್ನಿಗಾ?"

ಬೊಂಬೆ ಕೊಡುವ ಮುಂಚೆ ಅವನು ಅದನ್ನು ಬಾಯಿಯ ಹತ್ತಿರ ಹಿಡಿದು, ಅದರ ಕಿವಿಯಲ್ಲಿ ಮಗುವಿನ ಹೆಸರು ಹೇಳುತ್ತಿದ್ದ. ಹೇಳದೆ ಯಾರಿಗೂ ಕೊಟ್ಟವನಲ್ಲ. ದೊಡ್ಡವಳಾದ ಮೇಲೆ, ಅಂದರೆ ಮೈಸೂರಿನಲ್ಲಿ ಓದು ಮುಗಿಸಿ ಇಂಥದ್ದನ್ನೆಲ್ಲ ವಿಚಾರಿಸುವ ಚಟ ಹತ್ತಿಸಿಕೊಂಡು ಬಂದ ಮೇಲೆ, ಇದು ಯಾಕೆ ಎಂದು ಸರಿಯಾಗಿ ಕೇಳಿದೆ. ಅವನು ಹೇಳಿದ್ದು ಹೀಗೆ:

"ಕಣ್ಣಿಟ್ರ ಅದು ಮೊಗಾನೇ ನೋಡ್ತ ಕೂತ್ಕತದ. ನೋಡೋರು ಊರ್ ತುಂಬ ಅವ್ರ, ಇನ್ನೊಂದ್ ಜೊತೆ ಕಣ್ಣು ಯಾಕ? ಕಿವಿ ಒಂದಿದ್ರ ಸಾಕು. ಎಸ್ರ ಕೇಳಿ ಮಡಿಕತದ. ಯಾರೋ ಒಟ್ಟೆ ಉರ್ಕಂಡು ಆ ಎಸ್ರಿಡ್ದು ಕೆಟ್ಟದ್ ಅಂದ್ರು ಅನ್ನು, ಮೊಗ ಓಗೊಡಕ್ಕ ಮುಂಚೆ ಬೊಂಬ ಓಗೊಡ್ತದ. 'ನಾನ್ ಇಲ್ಲಿವ್ನಿ, ಇತ್ತಗ ಬಾ' ಅಂತದ."

ಇನ್ನು ಮುಂದೆ ಬರೆಯುವುದೆಲ್ಲ ಈ ಮಾತಿಗೆ ಏನಾಯಿತು ಎನ್ನುವುದರ ಬಗ್ಗೆ. ಅದಕ್ಕೆ ಮೊದಲು ಒಂದು ವಿಷಯ. ಬೆಳ್ಳಯ್ಯ ನನ್ನ ಅಪ್ಪನಿಗಿಂತ ದೊಡ್ಡವನು. ಆದರೂ ನಮ್ಮ ಮನೆಯಲ್ಲಿ ಯಾರೂ ಅವನನ್ನು ಬಹುವಚನದಲ್ಲಿ ಕರೆದವರಲ್ಲ. ನಮ್ಮದು ಲಿಂಗ ಕಟ್ಟಿದವರ ಮನೆ, ಹೊಲವಿದ್ದವರ ಮನೆ. ಅವನು ನಮ್ಮ ಹೊಲದಲ್ಲಿ ಕೂಲಿ ಮಾಡುವವನು, ಊರಿನ ಆಚೆ ತುದಿಯ ಬೀದಿಯವನು. ಈಗ ಅವನನ್ನು 'ಅವರು' ಎಂದು ಬರೆದರೆ ಕಾಗದದ ಮೇಲೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ, ಆದರೆ ನಡೆದದ್ದು ಸುಳ್ಳಾಗುತ್ತದೆ. ಹಾಗಾಗಿ ಅವನು ಎಂದೇ ಬರೆಯುತ್ತೇನೆ.

ಅವನ ಎಡಗಿವಿ ಹರಿದಿತ್ತು. ಹರೆಯದಲ್ಲಿ ಕಿವಿಗೆ ಹಾಕಿಕೊಳ್ಳುತ್ತಿದ್ದ ಕಡಕು ಎತ್ತಿನ ಕೊಂಬಿಗೆ ಸಿಕ್ಕಿ, ಕಿವಿಯ ಹಾಲೆ ಎರಡು ಸೀಳಾಗಿ, ಹಾಗೆಯೇ ಒಣಗಿಹೋಗಿತ್ತು. ಮಕ್ಕಳು ಅದನ್ನು ಮುಟ್ಟಿ ನೋಡಲು ಬಯಸುತ್ತಿದ್ದವು, ಅವನು ಬಗ್ಗಿ ಕೊಡುತ್ತಿದ್ದ. "ನಂದು ಅರ್ದೋಯ್ತು, ಅದ್ಕ ಕಂಡೋರ್ಗೆಲ್ಲ ಒಂದೊಂದ ಅಂಟಿಸ್ತಿವ್ನಿ" ಎನ್ನುತ್ತಿದ್ದ. ಬೆಳಿಗ್ಗೆ ಯಾರದ್ದಾದರೂ ಹೊಲದಲ್ಲಿ ಕಳೆ, ಇಲ್ಲವೇ ದನ. ಕೆಲವು ಕಾಲ ತಿಗನಾರೆಯ ಕಡೆ ಜೋಳದ ಹೊಲಗಳಿಗೆ ಕಾಡುಹಂದಿ ನುಗ್ಗದಂತೆ ಕಾಯಲು ಹೋಗಿ ಬರುತ್ತಿದ್ದ. ಅವನ ಮರದ ಹಂದಿಗಳೆಲ್ಲ ನಗುತ್ತಿದ್ದವು. "ಉಂಡ್ಕಂಡ್ ಓಗೋ ಅಂದಿ ನಗ್ದೆ ಅಳ್ತದ?" ಎನ್ನುವುದು ಅವನ ವಾದ. ಮಧ್ಯಾಹ್ನ ಇಳಿದ ಮೇಲೆ ಮನೆಯ ಜಗಲಿಯಲ್ಲಿ ಉಳಿ ಹಿಡಿದು ಕೂರುತ್ತಿದ್ದ. ಬೊಂಬೆಯ ಮೈಗೆ ಕೈಗೆ ಸಿಕ್ಕಿದ ಮರದ ತುಂಡು. ಕಾಲು, ಕೊಂಬು, ಚಕ್ರದ ಅಚ್ಚುಗಳಿಗೆ ನಮ್ಮ ಕಾಡನ್ನೆಲ್ಲ ನುಂಗಿ ಕೂತಿರುವ ಲಂಟಾನ ಕಳೆಯ ಕಡ್ಡಿ. ಅದನ್ನು ಕಡಿದರೆ ಯಾರೂ ಕೇಳುವುದಿಲ್ಲ, ಹಳೆಯ ಡ್ರಮ್ಮಿನಲ್ಲಿ ಬೇಯಿಸಿ ಸಿಪ್ಪೆ ಸುಲಿದರೆ ಹುಳು ಹಿಡಿಯುವುದಿಲ್ಲ.

ಕಿವಿ ಕಡೆಯ ಕೆಲಸ. ಮಗು ಬಂದು ಎದುರಿಗೆ ಕೂರುವ ತನಕ ಅವನು ದಬ್ಬಳ ಕಾಯಿಸುತ್ತಿರಲಿಲ್ಲ. ಮಗು ತನ್ನ ಕೈಯಾರೆ ಒಂದು ಹಿಡಿ ಏನಾದರೂ ತರಬೇಕು, ರಾಗಿಯೋ ಹುರುಳಿಯೋ. ಈಚಿನ ಮಕ್ಕಳು ಚಿಪ್ಸ್ ಪೊಟ್ಟಣದಿಂದ ಒಂದು ಹಿಡಿ ತೆಗೆದು ಕೊಟ್ಟರೆ ಅದನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಂಡು, ಅಲ್ಲೇ ತಿಂದು ಮುಗಿಸುತ್ತಿದ್ದ. ಬೊಂಬೆ ಒಡೆದರೆ ವಾಪಸ್ಸು ತಂದುಕೊಡಬೇಕು. ದುರಸ್ತಿ ಮಾಡುತ್ತಿರಲಿಲ್ಲ, ಹೊಸದು ಕೊಡುತ್ತಿದ್ದ. "ಒಡ್ದೋದ್ದು ಅಂದ್ರ ಕೆಲ್ಸ ಮುಗ್ಸದ್ದು. ಮೊಗಿನ್ ಪಾಲಿನ್ ಏಟ ತಿಂದದ. ಅದ್ನ ಒಲಗ ಆಕ್ಬಾರ್ದು" ಎಂದು ಅವನ್ನು ಬಿದಿರ ಬುಟ್ಟಿಯಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದ. ಕಾಲಿಲ್ಲದ ಹಸು, ರೆಕ್ಕೆಯಿಲ್ಲದ ಗಿಣಿ, ಬುಟ್ಟಿಗಟ್ಟಲೆ. ಅವನ ಹೆಂಡತಿ ಮಾದೇವಿ ಮಾತ್ರ, "ನಂಗ ಮಳೇಗಾಲಕ್ಕ ಒಣಗಿದ್ ಸೌದೆ ಇಲ್ಲ, ಇವುನ್ಗ ಅಟ್ಟದ್ ಮ್ಯಾಲ ಪಿಂಚಣಿ ತಕ್ಕಂಡ ಬೊಂಬೆಗೊಳು" ಎಂದು ಗೊಣಗುತ್ತಿದ್ದಳು.

ನನ್ನ ಬಸ್ಸನ್ನು ಅವನು ನಮ್ಮ ಮನೆಗೆ ತಂದುಕೊಟ್ಟ. ನಾನು ಅವನ ಬೀದಿಗೆ ಹೋಗುವಂತಿರಲಿಲ್ಲ, ಹಾಗಾಗಿ ಅದರ ಕಿವಿಯನ್ನು ಮಾತ್ರ ನಾನು ಎದುರಿಗಿಲ್ಲದೆ ತೆಗೆದಿದ್ದ. ಜಗಲಿಯ ಕೆಳಗೆ ನಿಂತು, ಬಸ್ಸನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳಿ, ಮೆಟ್ಟಿಲ ಮೇಲೆ ಇಟ್ಟ. ಅವನು ಹೋದ ಮೇಲೆ ಅಜ್ಜಿ ಒಂದು ಚೊಂಬು ನೀರು ತಂದು ಬಸ್ಸಿನ ನೆತ್ತಿಯ ಮೇಲೆ ಹುಯ್ದಳು. ನೀರು ಕಿಟಕಿಗಳಿಂದ ಇಳಿಯಿತು. ಇದನ್ನು ನಾನು ನೋಡಿದೆನೋ, ಅಥವಾ ಓದಿ ಬಂದ ಮೇಲೆ ನಮ್ಮ ಮನೆಯವರು ಹೀಗೇ ಮಾಡಿರಬೇಕು ಎಂದು ಊಹಿಸಿ ಅಜ್ಜಿಯ ಕೈಗೆ ಚೊಂಬು ಕೊಟ್ಟೆನೋ, ಹೇಳಲಾರೆ. ಬಸ್ಸಿನ ನೆತ್ತಿಯ ಬಣ್ಣ ಒಂದು ಕಡೆ ಎದ್ದಿದೆ. ಅದು ಸಾಕ್ಷಿಯಲ್ಲ. ಆಟವಾಡಿದರೂ ಬಣ್ಣ ಏಳುತ್ತದೆ.

ಆ ಇಬ್ಬರು ಬಂದದ್ದು ಹೋದ ಸಲದ ಮುಂಗಾರಿನಲ್ಲಿ, ನಗರದಿಂದ, ಒಬ್ಬಳು ಹುಡುಗಿ, ಒಬ್ಬ ಹುಡುಗ. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಆಡುವ ಒಂದು ಆಟ ಮಾಡುತ್ತಿದ್ದೇವೆ ಎಂದರು. ಮಾಯಾಲೋಕದ ಆಟ. ಆಡುವವನೇ ಒಬ್ಬ ವೀರನಾಗಿ ಕತ್ತಿ ಹಿಡಿದು ಊರೂರು ಅಲೆಯುತ್ತಾನೆ. ದಾರಿಯಲ್ಲಿ ಕಮ್ಮಾರ ಸಿಗುತ್ತಾನೆ, ಮಾಟಗಾತಿ ಸಿಗುತ್ತಾಳೆ, ಒಂದೂರಿನಲ್ಲಿ ಬೊಂಬೆ ಮಾಡುವವನು ಸಿಗುತ್ತಾನೆ. ಅವರನ್ನೆಲ್ಲ ಮಾತನಾಡಿಸಿ ಮುಂದೆ ಹೋಗಬೇಕು. ಆ ಬೊಂಬೆಗಾರನಿಗೆ ಬೆಳ್ಳಯ್ಯನ ಮುಖ ಬೇಕಿತ್ತು. ಬೆಳ್ಳಯ್ಯ ಹಿಗ್ಗಿದ. ಅವರು "ತಿರುಗಿ ತಾತ, ಇನ್ನೂ ಸ್ವಲ್ಪ, ಕಿವಿ ಕಾಣ್ಲಿ" ಎಂದ ಹಾಗೆಲ್ಲ ತಿರುಗಿದ. ಅಟ್ಟದ ಬುಟ್ಟಿಗಳನ್ನು ಇಳಿಸಿ ತೋರಿಸಿದ. ಹೆಸರು ಹೇಳುವ ಪದ್ಧತಿಯನ್ನೂ, ಅದರ ಕಾರಣವನ್ನೂ, ನನಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ಅವರು ಅವನನ್ನು ಏಮಾರಿಸಿದರು ಎಂದು ಬರೆಯಲು ನನಗೆ ಆಸೆಯಿದೆ, ಆದರೆ ಹಾಗೆ ನಡೆಯಲಿಲ್ಲ. ಇಬ್ಬರೂ ಅವನ ಜಗಲಿಯ ಮೇಲೆ ಕೂತು ಅವನ ಮನೆಯ ಟೀ ಕುಡಿದರು. ನಮ್ಮ ಮನೆಯಲ್ಲಿ ಯಾರೂ ಅದನ್ನು ಮಾಡಿರಲಿಲ್ಲ.

ಅವರು ಹೊರಡುವ ದಿನ ನಾನು ಕಾಲೇಜಿನಿಂದ ಬಸ್ಸಿಳಿದು ಬರುತ್ತಾ ಅವನ ಮನೆಯ ಮುಂದೆ ನಿಂತೆ. ಚಾಮರಾಜನಗರದ ಕಡೆಯ ಒಂದು ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಆ ಹುಡುಗಿ ಕೇಳಿದಳು: "ತಾತ, ಈ ಬೊಂಬೆ ಮಾಡೋನು ಕೆಟ್ಟೋನಾಗಿದ್ರೆ ಏನ್ ಮಾಡ್ತಿದ್ದ?"

ಬೆಳ್ಳಯ್ಯ ಒಂದು ಗಳಿಗೆ ಯೋಚಿಸಿದ. ಆಮೇಲೆ ಹೆಗಲ ಟವೆಲನ್ನು ತಲೆಯ ಮೇಲೆ ಎಳೆದುಕೊಂಡು, ಬೆನ್ನು ಬಾಗಿಸಿ, ದನಿ ಇಳಿಸಿದ. "ಬಾ ಮಗ. ಬೊಂಬ ಬೇಕಾ? ಎಸ್ರೇನ್ಲಾ ನಿಂದು? ಈ ಕಿವಿಗ ಯೋಳು... ಯೋಳ್ದ್ಯಾ? ಆಯ್ತು. ಇನ್ ನೀನು ಒಳಗ, ಬೊಂಬ ಒರಗ."

ಹುಡುಗ ರೆಕಾರ್ಡಿಂಗ್ ನಿಲ್ಲಿಸಿದ, ಹುಡುಗಿ ಚಪ್ಪಾಳೆ ತಟ್ಟಿದಳು. "ಸಾಕು ಬುಡು ಮುದಿ ಗೂಬೆ, ಕೋಳಿ ಮೊಟ್ಟೆ ಇಕ್ಕದ್ನೂ ನಿಲ್ಲುಸ್ಬುಡ್ತವೆ" ಎಂದಳು ಮಾದೇವಿ. ಎಲ್ಲರೂ ನಕ್ಕೆವು. ನಾನೂ ನಕ್ಕೆ ಎಂದೇ ನೆನಪು. ಆ ದಿನದ ನನ್ನ ದಿನಚರಿ ತೆಗೆದು ನೋಡಿದರೆ ಇರುವುದು ಇಷ್ಟು: 'ಬಸ್ಸು ತಡ. ಬೆಳ್ಳಯ್ಯನ ಮನೆಗೆ ಯಾರೋ ಬಂದಿದ್ದರು.' ಮುಂದೆ ಏನಾಗುತ್ತದೆ ಎಂದು ಗೊತ್ತಿಲ್ಲದ ದಿನ ನಾನು ಏನನ್ನೂ ನೋಡಿರುವುದಿಲ್ಲ.

ಆಟ ನಮ್ಮೂರಿಗೆ ಬಂದದ್ದು ಬಸ್ ನಿಲ್ದಾಣದ ಹುಡುಗರ ಮೊಬೈಲುಗಳಲ್ಲಿ. ಮಂಜು ಮುಚ್ಚಿದ ಬೆಟ್ಟ, ಅದರ ಬುಡದಲ್ಲಿ ಒಂದೂರು, ಊರಾಚೆ ಒಂದು ಮನೆ. ಜಗಲಿಯಲ್ಲಿ ಹರಿದ ಎಡಗಿವಿಯ ಒಬ್ಬ ಮುದುಕ. ದಬ್ಬಳ ಕಾಯುವವರೆಗೆ ಕೆಳತುಟಿ ಕಚ್ಚಿಕೊಂಡಿರುವುದು ಕೂಡ ಅವನದೇ. ಗುರುತು ಹತ್ತಿದ ಕೂಡಲೇ ನನಗೆ ಸಂತೋಷವಾಯಿತು. ಅದು ನಿಜ, ಬರೆದಿಡಬೇಕು. ಆಮೇಲೆ ವೀರ ಹತ್ತಿರ ಹೋದ. ಮುದುಕ ತಲೆ ಎತ್ತಿ, ಬೆಳ್ಳಯ್ಯನ ಸ್ವಂತ ದನಿಯಲ್ಲಿ, "ಬಾ ಮಗ. ಎಸ್ರೇನ್ಲಾ ನಿಂದು?" ಎಂದ. ಅಟ್ಟದ ಮೇಲೆ ಬಿದಿರ ಬುಟ್ಟಿಗಳು. ಅವುಗಳೊಳಗೆ ಕಾಲಿಲ್ಲದ ಹಸು, ರೆಕ್ಕೆಯಿಲ್ಲದ ಗಿಣಿ. ಅವೆಲ್ಲ ಮಕ್ಕಳ ದನಿಯಲ್ಲಿ ಅಳುತ್ತಿದ್ದವು. ಅವು ಊರಿನ ಕಾಣೆಯಾದ ಮಕ್ಕಳು. ಬೊಂಬೆಗಾರನನ್ನು ಕೊಂದರೆ ಮಾತ್ರ ಅವಕ್ಕೆ ಬಿಡುಗಡೆ. ಕತ್ತಿ ಮೊದಲು ಆ ಹರಿದ ಕಿವಿಗೆ ಬೀಳಬೇಕು, ಇಲ್ಲದಿದ್ದರೆ ಅವನು ಮತ್ತೆ ಎದ್ದು ಕೂರುತ್ತಾನೆ.

ಮೊದಮೊದಲು ಅದು ಊರಿಗೆ ತಮಾಷೆ. ಟೀ ಅಂಗಡಿಯ ಮುಂದೆ ಮೀಸೆ ಮೂಡದ ಹುಡುಗನೊಬ್ಬ ಕೂಗಿದ: "ಲೇ ಬೆಳ್ಳಯ್ಯ, ಬೆಳಗಿಂದ ಎಲ್ಡ್ ಸಲ ಕೊಂದೆ ಕಣ್ಲಾ ನಿನ್ನ!"

ಬೆಳ್ಳಯ್ಯ ನಿಂತು ಟೀ ಊದಿಕೊಂಡ. "ಎಲ್ಡ್ ಸಲ ಕೊಂದ್ರೂ ನಾಳ ನಿಮ್ಮೊಲದ್ ಕಳ ಕೀಳಕ್ಕ ನಾನೇ ಬರ್ಬೇಕಲ್ಲಪ್ಪ. ವಸಿ ಸರ್ಯಾಗಿ ಕೊಲ್ಲು."

ಮಾದೇವಿಯೂ ನಗಿಸುತ್ತಿದ್ದಳು. "ಈವಯ್ಯ ರಾಕ್ಸ ಅಂತ ನಂಗ ಮದ್ವೆ ಆದ್ ದಿನ್ವೇ ಗೊತ್ತಿತ್ತು. ಊರ್ಗ ಈಗ ತಿಳ್ದದ."

ಒಂದು ಸಂಜೆ ಅವನು ನನ್ನನ್ನು ದಾರಿಯಲ್ಲಿ ತಡೆದು, ಅದನ್ನು ತೋರಿಸು ಎಂದ. ಯಾರೋ ಆಡಿ ಹಾಕಿದ್ದ ವಿಡಿಯೋ ಮೊಬೈಲಿನಲ್ಲಿ ತೆಗೆದು ಅವನ ಮುಂದೆ ಹಿಡಿದೆ. ಮೊದಲು ಕೆಲಸವನ್ನೇ ನೋಡಿದ. "ಉಳಿ ಎಡಗೈಗ ಕೊಟ್ಟವ್ರ. ನಾನ್ ಎಡಚ ಅಲ್ಲ" ಎಂದ. ಆಮೇಲೆ ಬುಟ್ಟಿಗಳು ಅತ್ತವು. "ಇವ್ಯಾಕವ್ವ ಅಳ್ತವ?" ಎಂದು ಕೇಳಿದ. ಹೇಳಿದೆ. ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ ಎಂದುಕೊಂಡಿದ್ದೇನೆ.

ಅವನು ಮೊಬೈಲಿನಿಂದ ಕಣ್ಣು ತೆಗೆದ. "ಆ ಪ್ಯಾಟೆ ಮೊಗ ಕೇಳ್ತು, ಆಡ್ ತೋರುಸ್ದೆ. ಬೊಂಬ ಮಾಡೋನ್ಗ ಆಟ ಆಡಕ್ಕ ಬರಲ್ವಾ?" ಎಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಆಡ್ ತೋರ್ಸದ್ದು ಉಳ್ಕತು. ಮಾಡ್ತಿದ್ದುದ್ ಓಯ್ತು ಅನ್ನು."

ದೀಪಾವಳಿ ಕಳೆದ ಮೇಲೆ ಅವನು ಪ್ರತಿ ವರ್ಷ ಗುಮಟಾಪುರಕ್ಕೆ ಹೋಗುತ್ತಿದ್ದ. ಅಲ್ಲಿ ಬೀರೇಶ್ವರನ ಗುಡಿಯ ಹತ್ತಿರ ಗಂಡಸರು ಸಗಣಿ ರಾಶಿಗೆ ಇಳಿದು, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡಿ, ಆಮೇಲೆ ಕೆರೆಯಲ್ಲಿ ಮೀಯುತ್ತಾರೆ. ಆ ವರ್ಷ ಹೋಗಲಿಲ್ಲ. ಯಾಕೆ ಎಂದರೆ, "ಅಲ್ಲಿ ಸಗ್ಣೀಲಿ ಒಡುದ್ರ ಕೆರೇಲಿ ಮಿಂದ್ರ ಓಯ್ತದ. ಇದು ಮೈಗ ಅತ್ತಿಲ್ಲ. ಎಲ್ಲಿಗ ನೀರ್ ಉಯ್ಕಳನ?" ಎಂದ.

ಹುಡುಗರಿಂದ ಕೆಡುಕಾಗಲಿಲ್ಲ. ಆಡುವವರಿಗೆ ಅದು ಆಟ, ಕೊಂದು ಮುಗಿಸಿ ಮುಂದಿನ ಊರಿಗೆ ಹೋಗುತ್ತಿದ್ದರು. ಕೆಟ್ಟದ್ದು ವಿಡಿಯೋಗಳಿಂದ. ನಮ್ಮದು ಗಡಿಯ ಊರು, ಯಾರೋ ಒಬ್ಬ ತಮಿಳಿನಲ್ಲಿ ಕಿರುಚುತ್ತಾ ಆ ಆಟ ಆಡುವ ವಿಡಿಯೋಗಳು ಅಡುಗೆಮನೆಗಳಿಗೆ ಬಂದವು. ಆಟವನ್ನು ಒಂದು ಸಲವೂ ಆಡದ ಹೆಂಗಸರು ಬೆಳ್ಳಯ್ಯನ ಮುಖವನ್ನೂ, ಅಳುವ ಬುಟ್ಟಿಗಳನ್ನೂ ನೋಡಿದರು. ಅದು ಕಟ್ಟುಕತೆ ಎಂದು ಅವರಿಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಮಗುವನ್ನು ಆ ಬೀದಿಗೆ ಕಳಿಸುವುದು ಬೇರೆ. ಅದೂ ಅಲ್ಲದೆ ಕತೆಯಲ್ಲಿ ಸುಳ್ಳಿದ್ದದ್ದು ಒಂದೇ ಕಡೆ. ಕಿವಿ ನಿಜ, ಹೆಸರು ಹೇಳುವುದು ನಿಜ, ಬುಟ್ಟಿ ನಿಜ, ದನಿ ನಿಜ. ಆ ಬೀದಿಯವನ ಬಾಯಲ್ಲಿ ನಮ್ಮ ಮಕ್ಕಳ ಹೆಸರು ಯಾಕಿರಬೇಕು ಎನ್ನುವ ಹಳೆಯ ಕಸಿವಿಸಿಯೂ ನಿಜ. ಅದಕ್ಕೆ ಇಷ್ಟು ದಿನ ಒಂದು ನೆಪ ಬೇಕಿತ್ತು.

ಮಕ್ಕಳು ಬರುವುದು ನಿಂತಿತು. ಬೆಳ್ಳಯ್ಯ ಮಾಡುವುದನ್ನು ನಿಲ್ಲಿಸಲಿಲ್ಲ. ಅವನ ಜಗಲಿಯ ಮೇಲೆ ಹಸು, ಹಂದಿ, ಗಾಡಿಗಳು ಸಾಲುಗಟ್ಟಿದವು, ಎಲ್ಲವೂ ಕಿವಿಯಿಲ್ಲದವು. "ಐಕ್ಳು ಬರ್ನಿಲ್ಲ ಅಂದ್ರ ದಬ್ಬಳ ಕಾಯ್ಸದ್ ಯಾರ್ಗ?" ಎಂದ. ಅವನಿಗೆ ಬೇಕಾಗಿದ್ದದ್ದು ಅದೊಂದೇ, ಒಂದು ಮಗು ಬಂದು ಎದುರಿಗೆ ಕೂರುವುದು. ದಾರಿಯಲ್ಲಿ ಹೋಗುವ ಮಕ್ಕಳನ್ನು ಅವನು ಕರೆಯುತ್ತಲೂ ಇರಲಿಲ್ಲ. ಕರೆದರೆ ಮೊಬೈಲಿನವನು ಕರೆದ ಹಾಗೆಯೇ ಕೇಳುತ್ತದೆ ಎಂದು ಅವನಿಗೆ ಗೊತ್ತಾಗಿತ್ತು.

ಬಂದವಳು ನನ್ನ ಅತ್ತಿಗೆ ಶೋಭ. ಅವಳ ಮಗಳು ಚಾರ್ವಿಗೆ ಹಿಂದಿನ ವರ್ಷ ಬೆಳ್ಳಯ್ಯ ಒಂದು ಕರು ಮಾಡಿಕೊಟ್ಟಿದ್ದ. ಆ ಹೆಸರು ಅವನ ನಾಲಿಗೆಗೆ ಹೊರಳದೆ, "ಚಾರವ್ವ ಅಂದ್ರ ಬೊಂಬ ಬ್ಯಾಡ ಅಂದದಾ?" ಎಂದು ಕೇಳಿ ನಮ್ಮನ್ನು ನಗಿಸಿದ್ದ. ಶೋಭ ಆ ಕರುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ತುದಿ ಹಿಡಿದು ತಂದಿದ್ದಳು. ಜೊತೆಗೆ ನಾನೂ ಹೋದೆ. ಅವಳನ್ನು ತಡೆಯಲು ಹೋದೆ ಎಂದು ನನಗೆ ನಾನು ಹೇಳಿಕೊಂಡಿದ್ದೇನೆ.

"ಇದ್ರಲ್ಲಿ ಮಗು ಹೆಸ್ರು ಹೇಳಿದ್ಯಲ್ಲ ಬೆಳ್ಳಯ್ಯ, ಅದನ್ನ ವಾಪಸ್ ತೆಗಿ" ಎಂದಳು ಶೋಭ.

"ಯೋಳಿದ್ ಎಸ್ರ ವಾಪಸ್ ತಗಿಯಕ್ಕ ಅದೇನು ನೆಟ್ಟ ಈರುಳ್ಳಿಯವ್ವಾ, ಕಿತ್ಕಳಕ್ಕ? ಯಾಕ, ಮೊಗಿಗ ಏನಾಗದ?"

"ನಿದ್ದೇಲಿ ಬೆಚ್ಚಿ ಬೀಳ್ತಾಳ. 'ತಾತ ಕರೀತವ್ನೆ' ಅಂತ ಚೀರ್ತಾಳ. ಒಂದು ವಾರದಿಂದ ನಾವ್ಯಾರೂ ಮಲಗಿಲ್ಲ."

ಒಳಗಿನಿಂದ ಮಾದೇವಿ ಬಂದಳು. "ಮೊಬೈಲ್ ಕೊಟ್ಟು ಉಣ್ಸದ್ ನೀವು. ಅದ್ರಲ್ಲಿ ಅದ್ನೇ ತೋರ್ಸದ್ ನೀವು. ಬೆಚ್ಚಿದ್ರ ನನ್ ಗಂಡನ್ ಬಾಯ್ಗ ಬತ್ತದಾ? ಮೊಬೈಲ್ಗ ಯೋಳೋಗಿ ವಾಪಸ್ ತಗಿ ಅಂತ!"

"ನೀ ಸುಮ್ಗಿರು" ಎಂದ ಬೆಳ್ಳಯ್ಯ. ಕರುವನ್ನು ಚೀಲದಿಂದ ತೆಗೆದ. ಅದು ಒಡೆದಿರಲಿಲ್ಲ, ಬಣ್ಣ ಕೂಡ ಹೋಗಿರಲಿಲ್ಲ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಇಂಥದ್ದನ್ನು ಯಾರೂ ಅವನಿಗೆ ಕೇಳಿರಲಿಲ್ಲ, ಅದಕ್ಕೆ ಪದ್ಧತಿ ಇರಲಿಲ್ಲ. ಅವನು ಅಲ್ಲೇ, ನಮ್ಮ ಮುಂದೆ, ಒಂದನ್ನು ಹುಟ್ಟಿಸಿದ. ಕರುವಿನ ಕಿವಿಯನ್ನು ಬಾಯಿಯ ಹತ್ತಿರ ತಂದು, ನಮಗೆ ಕೇಳುವ ಹಾಗೆ "ಬೆಳ್ಳಯ್ಯ" ಎಂದ. ಅವನ ಬಾಯಿಂದ ಅವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಈಗ ಇದು ನಂದು. ಇನ್ ಇದು ಕರುದ್ರ ನನ್ನೇ ಕರೀತದ. ನಿಮ್ ಮೊಗಾನ ಬುಡ್ತು. ಓಗಿ, ಮನಿಕಳಿ."

ಆ ಮಗು ಅಂದು ಬೆಳಗಾಗುವವರೆಗೆ ಅಲುಗದೆ ಮಲಗಿತು. ಮನೆಯಲ್ಲಿ ಅತ್ತಿಗೆ ಮೊಬೈಲನ್ನೂ ಬಚ್ಚಿಟ್ಟಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಊರು ತೆಗೆದುಕೊಂಡ ಲೆಕ್ಕ ಬೇರೆ. ಬಿಡು ಎಂದ ಕೂಡಲೇ ಬಿಟ್ಟ ಎಂದರೆ ಇಷ್ಟು ದಿನ ಹಿಡಿದುಕೊಂಡಿದ್ದವನು ಅವನೇ ಅಲ್ಲವೇ? ಅವನು ಇಲ್ಲ ಎಂದಿದ್ದರೆ, ಬೈದು ಕಳಿಸಿದ್ದರೆ, ಬಹುಶಃ ಬಚಾವಾಗುತ್ತಿದ್ದ. ಮಗುವಿನ ಮೇಲೆ ಕರುಣೆ ತೋರಿಸಿ ಸಿಕ್ಕಿಬಿದ್ದ. ಮಾರನೆಯ ದಿನದಿಂದ ಬೊಂಬೆಗಳು ಬರತೊಡಗಿದವು. ಪ್ಲಾಸ್ಟಿಕ್ ಚೀಲದಲ್ಲಿ, ಬಕೆಟ್ಟಿನಲ್ಲಿ, ಕೆಲವು ಕೋಲಿನ ತುದಿಯಲ್ಲಿ. ಮಕ್ಕಳು ಚಿಕ್ಕವರಿದ್ದಾಗ ತಂದು, ಆ ಮಕ್ಕಳಿಗೇ ಈಗ ಮಕ್ಕಳಾಗಿರುವ ಮನೆಗಳಿಂದಲೂ ಬಂದವು. ಬೆಳ್ಳಯ್ಯ ಯಾರೊಂದಿಗೂ ಜಗಳವಾಡಲಿಲ್ಲ. ಒಂದೊಂದನ್ನೇ ಎತ್ತಿಕೊಂಡು, ಕಿವಿಯಲ್ಲಿ ತನ್ನ ಹೆಸರು ಹೇಳಿ, ಪಕ್ಕದ ಬುಟ್ಟಿಗೆ ಹಾಕಿದ.

"ಇಷ್ಟೊಂದರಲ್ಲಿ ಯಾಕೆ ನಿನ್ನ ಹೆಸರು ಹೇಳ್ತೀಯ? ಸುಮ್ಮನೆ ಇಟ್ಟುಕೊಂಡರೆ ಆಗದಾ?" ಎಂದು ಕೇಳಿದೆ.

"ಖಾಲಿ ಕಿವಿ ಬುಡಬಾರ್ದು ಕಣವ್ವ. ಯಾರ್ ಬೇಕಾರ ಏನ್ ಬೇಕಾರ ತುಂಬ್ಬುಡ್ತರ. ನೋಡ್ದಲ್ಲ."

ನಾನು ಅವನನ್ನು ಕೊನೆಯ ಸಲ ಕಂಡದ್ದು ಇದಾದ ಮೇಲೆ. ಅವನು ಕೂಲಿಗೆ ಹೋಗುವುದನ್ನೂ ನಿಲ್ಲಿಸಿದ್ದ, ಕರೆಯುವವರೂ ಕಡಿಮೆಯಾಗಿದ್ದರು. ನಾನು ನನ್ನ ಬಸ್ಸನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋದೆ. ಯಾಕೆ ಹೋದೆ ಎಂದು ಆಗ ಕೇಳಿದ್ದರೆ ಸ್ಪಷ್ಟವಾಗಿ ಹೇಳುತ್ತಿದ್ದೆ: ನಾನು ವಾಪಸ್ಸು ಕೊಟ್ಟಿಲ್ಲ, ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ, ಇನ್ನೂ ಇಟ್ಟುಕೊಳ್ಳುತ್ತೇನೆ ಎಂದು ಅವನಿಗೆ ತೋರಿಸಲು. ಈಗ ಕೇಳಿದರೆ ಅಷ್ಟು ಖಾತ್ರಿಯಿಲ್ಲ. ನಮ್ಮ ಮನೆಯವರಂತೆ ನಾನಲ್ಲ ಎಂಬ ಮಾತನ್ನು ಅವನ ಬಾಯಿಂದ ಕೇಳುವ ಆಸೆಯೂ ಇದ್ದಿರಬಹುದು.

ಅವನು ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ಬೀದಿಯಲ್ಲೇ ನಿಂತಿದ್ದೆ, ಹತ್ತಿರಲಿಲ್ಲ. ಚೀಲದಿಂದ ಬಸ್ಸು ತೆಗೆದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

"ನೀನೂ ತಂದ್ಯಾ ಗೌರವ್ವ?"

ಅಲ್ಲ ಎನ್ನುವುದು ಎರಡು ಅಕ್ಷರದ ಮಾತು. ಅದು ನನ್ನ ಬಾಯಿಂದ ಹೊರಡುವಷ್ಟರಲ್ಲಿ ಅವನು ಜಗಲಿಯ ಅಂಚಿಗೆ ಸರಿದು, ಕೈ ಚಾಚಿ ಬಸ್ಸನ್ನು ತೆಗೆದುಕೊಂಡಾಗಿತ್ತು. ಹತ್ತುವ ಬಾಗಿಲ ಪಕ್ಕದ ಆ ಕಿವಿಯನ್ನು ಬಾಯಿಯ ಹತ್ತಿರ ಹಿಡಿದ. ತುಟಿ ಅಲುಗಿತು. ಈ ಸಲ ನನಗೆ ಕೇಳುವ ಹಾಗೆ ಹೇಳಲಿಲ್ಲ. ಹೇಳಿ ಹೇಳಿ ದನಿ ಸವೆದಿತ್ತು.

"ನಾನು ಅದಕ್ಕಲ್ಲ ತಂದದ್ದು, ಬೆಳ್ಳಯ್ಯ" ಎಂದೆ.

"ಯಾತುಕ್ಕಾರ ಆಗ್ಲಿ ಬುಡವ್ವ. ಆಯ್ತಲ್ಲ. ನಿಂಗೇನೂ ಇಲ್ಲ ಇನ್ನು, ಓಗು."

"ಕೊಡು ಅದನ್ನ. ನನಗೆ ಬೇಕು."

ಅವನಿಗೆ ಆಶ್ಚರ್ಯವಾಯಿತು. ಬೊಂಬೆ ಕೇಳಿದವರನ್ನು ಕಂಡು ಬಹಳ ದಿನವಾಗಿತ್ತು. "ಇದ್ನ ತಕ್ಕಂಡ್ ಏನ್ ಮಾಡೀಯೇ? ಇದ್ರಲ್ಲಿ ನೀನಿಲ್ಲ ಈಗ."

"ಇರಲಿ, ಕೊಡು."

ಕೊಟ್ಟ. ಕೊಡುವಾಗ ಚಕ್ರವನ್ನೊಮ್ಮೆ ಬೆರಳಿನಲ್ಲಿ ತಿರುಗಿಸಿ, ಇನ್ನೂ ಓಡುತ್ತದೆಯೇ ಎಂದು ನೋಡಿದ. ಓಡಿತು. ಅದಕ್ಕೆ ಅವನ ಮುಖ ಒಂದಿಷ್ಟು ಬೆಳಗಿತು ಎಂದು ಬರೆಯುವ ಮನಸ್ಸಾಗುತ್ತಿದೆ. ಬೆಳಕು ಇಳಿಯುತ್ತಿತ್ತು, ನಾನು ಕೆಳಗೆ ಬೀದಿಯಲ್ಲಿದ್ದೆ. ಗೊತ್ತಿಲ್ಲ.

ಚಳಿಗಾಲದಲ್ಲಿ ಕೆಮ್ಮು ಹಿಡಿದು, ಅದು ಎದೆಗಿಳಿದು, ಹೋದ. ಸುದ್ದಿ ಕೇಳಿ ನಾನು ಹೋಗುವಾಗ ಅವನ ಮನೆಯ ಮುಂದೆ ಹೆಣದ ಸ್ನಾನಕ್ಕೆ ನೀರು ಕಾಯುತ್ತಿತ್ತು. ಲಂಟಾನ ಬೇಯಿಸುತ್ತಿದ್ದ ಅದೇ ಡ್ರಮ್ಮು. ಮಾದೇವಿ ಅದರ ಕೆಳಗೆ ಬುಟ್ಟಿಗಳಿಂದ ಬೊಂಬೆಗಳನ್ನು ತೆಗೆದು ಒಂದೊಂದಾಗಿ ಒಟ್ಟುತ್ತಿದ್ದಳು. ಹಸು, ಗಿಣಿ, ನಗುವ ಹಂದಿ. ಒಣಗಿದ ಲಂಟಾನ ಚಟಚಟ ಎಂದು ಉರಿಯುತ್ತದೆ. ಶೋಭ ಕೊಟ್ಟ ಕರುವನ್ನು ಗುರುತು ಹಿಡಿದೆ. ಅದರ ಸರದಿ ಬಂದಾಗ ಬೇರೆ ಕಡೆ ನೋಡಿದೆ.

ಅವರ ಬೀದಿಯ ಮುದುಕನೊಬ್ಬ ಹೇಳಿದ: "ಅವುನು ಬೊಂಬ ಸುಡಬಾರ್ದು ಅಂತಿದ್ದ ಕಣ, ಮಾದೇವಿ."

"ಎಲ್ಲ ಅವುನ್ ಎಸ್ರಿನವೇ. ಅವುನ್ ಜೊತೇಲೇ ಓಗ್ಲಿ" ಎಂದಳು ಮಾದೇವಿ. ಆಮೇಲೆ ಸುತ್ತ ನಿಂತಿದ್ದ ನಮ್ಮನ್ನು, ಒಬ್ಬೊಬ್ಬರನ್ನಾಗಿ, ನೋಡಿದಳು. "ಇಲ್ಲಾಂದ್ರ ಸೌದೆ ನೀವೇನಾರ ತಂದಿದ್ದೀರಾ?"

ಯಾರೂ ತಂದಿರಲಿಲ್ಲ.

ಮಾದೇವಿ ಕೊಳ್ಳೇಗಾಲದ ಕಡೆ ಮಗಳ ಮನೆಗೆ ಹೋದಳು. ಮನೆಗೆ ಬೀಗವಿದೆ. ಕಿವಿಯಿಲ್ಲದ ಬೊಂಬೆಗಳ ಸಾಲು ಜಗಲಿಯ ಮೇಲೆ ಇನ್ನೂ ಇದೆ, ಅವನ್ನು ಯಾರೂ ಕದಿಯಲಿಲ್ಲ. ಚಾರ್ವಿಗೆ ಈಗ ಬ್ಯಾಟರಿ ಹಾಕಿದರೆ ಕಣ್ಣು ಮಿಟುಕಿಸುವ ಬೊಂಬೆ ಬಂದಿದೆ. ಮೊಬೈಲಿನ ಮುದುಕ ಮಾತ್ರ ಹಾಗೆಯೇ ಇದ್ದಾನೆ, ಯಾರು ಹತ್ತಿರ ಹೋದರೂ ತಲೆ ಎತ್ತಿ ಹೆಸರು ಕೇಳುತ್ತಾನೆ. ಸತ್ತವನ ದನಿ ಎಂದು ಆಡುವ ಹುಡುಗರು ನಿಲ್ಲಿಸುವುದಿಲ್ಲ. ಇವತ್ತು ಸಂಜೆ ಬಸ್ಸಿಳಿದಾಗಲೂ ನಿಲ್ದಾಣದಲ್ಲಿ ಒಬ್ಬ ತೆರೆಯ ಮೇಲೆ ಹೆಬ್ಬೆಟ್ಟು ಒತ್ತಿ ಒತ್ತಿ, "ಸಾಯ್ಲಾ ಬೆಳ್ಳಯ್ಯ, ಸಾಯಿ!" ಎಂದು ಕೂಗುತ್ತಿದ್ದ.

ಮನೆಗೆ ಬಂದು ಕಪಾಟಿನಿಂದ ಮರದ ಬಸ್ಸನ್ನು ತೆಗೆದೆ. ಆ ಸಂಜೆ ಅವನು ಅದರ ಕಿವಿಯಲ್ಲಿ ಹೇಳಿದ್ದು ತನ್ನ ಹೆಸರೇ ಎಂದು ನಾನು ಕಿವಿಯಾರೆ ಕೇಳಿದವಳಲ್ಲ. ಆದರೂ ಅದು ಅವನದೇ ಎಂದು ನಂಬಿದ್ದೇನೆ. ಅವನ ಹೆಸರಿಗೆ ಓಗೊಟ್ಟು ಅವನ ಪಾಲಿನ ಏಟು ತಿನ್ನಲು ಉಳಿದಿರುವುದು ಇದೊಂದೇ. ದೀಪದ ಹತ್ತಿರ ಹಿಡಿದು, ನೆತ್ತಿ, ಕಿಟಕಿ, ಚಕ್ರ, ಎಲ್ಲ ತಿರುಗಿಸಿ ನೋಡಿದೆ. ಈಚೆಗೆ ದಿನವೂ ನೋಡುತ್ತೇನೆ. ಎಲ್ಲೂ ಒಂದು ಬಿರುಕಿಲ್ಲ. ಹಾಗಾದರೆ ಆ ಏಟುಗಳೆಲ್ಲ ಎಲ್ಲಿಗೆ ಹೋಗುತ್ತಿವೆ ಎಂದು ಕೇಳೋಣವೆಂದರೆ ಅವನಿಲ್ಲ.